ಮಹಾಮಾರಿಯ ಕಾಲದಲ್ಲಿ ಕಾಲೇಜಿನ ಕಚೇರಿ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಗುರುವರ್ಯರನ್ನು ಕುರಿತು, ಕಟ್ಟಡಗಳನ್ನು ಕುರಿತು, ದಾನಿಗಳ ಔದಾರ್ಯವನ್ನು ಕುರಿತು ಲೇಖನಗಳು ಬರುವುದು ವಾಡಿಕೆ. ಕಚೇರಿಯ ಗುಮಾಸ್ತನನ್ನು ಕುರಿತು ಬರೆಯುವವರು ವಿರಳ. ಪ್ರವೇಶದ ದಿನ ಕಿಟಕಿಯಾಚೆ ಕಾಣುವ ಒಂದು ಮುಖ, ವರ್ಗಾವಣೆ ಪತ್ರ ಪಡೆಯುವ ದಿನ ಮತ್ತೊಮ್ಮೆ ಕಾಣುವ ಅದೇ ಮುಖ. ಈ ಎರಡು ದಿನಗಳ ನಡುವೆ ಆತನು ಮಾಡುವ ಕೆಲಸವೇನೆಂಬುದು ಅನೇಕ ಅಧ್ಯಾಪಕರಿಗೂ ತಿಳಿದಿರುವುದಿಲ್ಲ. 2020 ಮತ್ತು 2021ರ ಕೋವಿಡ್ ಮಹಾಮಾರಿಯು ಈ ಅಜ್ಞಾತ ಕಾಯಕದ ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಮಾಡಿತು. ಆದರೆ ಕಂಡದ್ದನ್ನು ಮರೆಯುವುದರಲ್ಲಿ ವಿದ್ಯಾಸಂಸ್ಥೆಗಳು ಯಾರಿಗೂ ಹಿಂದೆ ಬೀಳುವವಲ್ಲ.

ಈ ಸೀಮೆಗೆ ಆ ರೋಗವು ದೂರದ ಸುದ್ದಿಯಾಗಿ ಬಂದದ್ದಲ್ಲ. ಇಡೀ ಭಾರತದಲ್ಲಿ ಮೊಟ್ಟಮೊದಲು ಅದಕ್ಕೆ ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು. ಅದು 2020ರ ಮಾರ್ಚ್ 10ರ ಮಾತು. ನಾಲ್ಕೇ ದಿನಗಳಲ್ಲಿ ರಾಜ್ಯದ ಶಾಲಾ ಕಾಲೇಜುಗಳ ಬಾಗಿಲು ಮುಚ್ಚಿದವು. 25ರಿಂದ ದೇಶವೇ ಸ್ತಬ್ಧವಾಯಿತು. ದ್ವಿತೀಯ ಪಿ.ಯು.ಸಿ.ಯ ಇಂಗ್ಲಿಷ್ ಪರೀಕ್ಷೆಯೊಂದು ಉಳಿದುಕೊಂಡು ಜೂನ್ 18ಕ್ಕೆ ಹೋಯಿತು. ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗಿದ್ದ ಯಾದಗಿರಿ ಜಿಲ್ಲೆಯ ಕುಟುಂಬಗಳು ಬರಿಗೈಯಲ್ಲಿ ಹಿಂದಿರುಗಿದವು. ಅವರನ್ನು ಪ್ರತ್ಯೇಕವಾಗಿರಿಸಲು ಜಿಲ್ಲೆಯ ಅನೇಕ ಶಾಲೆಗಳನ್ನೂ ವಸತಿನಿಲಯಗಳನ್ನೂ ಬಿಟ್ಟುಕೊಡಬೇಕಾಯಿತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲಿಯೂ ಇದ್ದ ಮಾತು ಆನ್‌ಲೈನ್ ಪಾಠದ್ದು. ಪಾಠ ನಡೆಯಿತೇ, ಎಷ್ಟು ಮಂದಿ ಕೇಳಿದರು, ಮೊಬೈಲ್ ಇಲ್ಲದವರ ಗತಿಯೇನು ಎಂಬ ಚರ್ಚೆಗೆ ಕೊನೆಯಿರಲಿಲ್ಲ. ಚರ್ಚೆ ಅವಶ್ಯವಾಗಿಯೇ ಇತ್ತು. ಆದರೆ ತಪ್ಪಿದ ಪಾಠವನ್ನು ಮುಂದಿನ ವರ್ಷ ಹೇಳಿಕೊಡಬಹುದು. ತಪ್ಪಿದ ದಾಖಲೆಯಿಂದ ವಿದ್ಯಾರ್ಥಿಯು ಓದಿನ ದಾರಿಯಿಂದಲೇ ಹೊರಬೀಳುತ್ತಾನೆ. ಈ ಅಂತರವನ್ನು ಗಮನಿಸಿದವರು ಕಡಿಮೆ.

ನಡೆದುದನ್ನೇ ನೋಡಬಹುದು. 2020ರಲ್ಲಿ ಪದವಿಯ ಅಂತಿಮ ವರ್ಷದವರಿಗೆ ಮಾತ್ರ ಪರೀಕ್ಷೆ ನಡೆಸಿ, ಉಳಿದವರನ್ನು ಆಂತರಿಕ ಮೌಲ್ಯಮಾಪನದ ಹಾಗೂ ಹಿಂದಿನ ಸೆಮಿಸ್ಟರಿನ ಅಂಕಗಳ ಆಧಾರದ ಮೇಲೆ ಮುಂದಿನ ತರಗತಿಗೆ ಕಳುಹಿಸಲಾಯಿತು. ಮರುವರ್ಷ ಎರಡನೆಯ ಅಲೆಯಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯೇ ರದ್ದಾಯಿತು. ಎಸ್.ಎಸ್.ಎಲ್.ಸಿ.ಯ ಅಂಕಗಳಿಗೆ ಶೇ. 45, ಪ್ರಥಮ ಪಿ.ಯು.ಸಿ.ಯ ಅಂಕಗಳಿಗೆ ಶೇ. 45, ಆಂತರಿಕ ಅಂಕಗಳಿಗೆ ಶೇ. 10 ಎಂದು ಲೆಕ್ಕ ಹಾಕಿ 2021ರ ಜುಲೈ 20ರಂದು ಫಲಿತಾಂಶ ಪ್ರಕಟವಾಯಿತು. ಇದರ ಅರ್ಥವೇನು? ಪ್ರಥಮ ಪಿ.ಯು.ಸಿ.ಯ ಅಂಕಗಳನ್ನು ಅದುವರೆಗೆ ಯಾರು ತಾನೆ ಲೆಕ್ಕಕ್ಕೆ ಹಿಡಿದಿದ್ದರು? ಮುಂದಿನ ತರಗತಿಗೆ ದಾಟಿಸುವುದಕ್ಕಷ್ಟೇ ಅವುಗಳ ಉಪಯೋಗ. ಆಂತರಿಕ ಪರೀಕ್ಷೆಯ ಅಂಕಗಳನ್ನಂತೂ ಔಪಚಾರಿಕವೆಂದೇ ಭಾವಿಸಲಾಗುತ್ತಿತ್ತು. ಯಾರೂ ತಿರುಗಿ ನೋಡದ ಆ ವಹಿಗಳೇ ಒಂದು ಬೆಳಗಾಗುವಷ್ಟರಲ್ಲಿ ಲಕ್ಷಾಂತರ ಮಕ್ಕಳ ಭವಿಷ್ಯವನ್ನು ನಿರ್ಣಯಿಸುವ ಪ್ರಮಾಣಗಳಾದವು. ಅಂಕಗಳನ್ನು ಆಯಾ ದಿನವೇ ಶುದ್ಧವಾಗಿ ಏರಿಸಿ, ಅಧ್ಯಾಪಕರಿಂದ ರುಜು ಹಾಕಿಸಿ ಇಟ್ಟಿದ್ದ ಗುಮಾಸ್ತನು ತನಗರಿವಿಲ್ಲದೆಯೇ ತನ್ನ ಕಾಲೇಜಿನ ಮಕ್ಕಳಿಗೆ ನ್ಯಾಯ ಒದಗಿಸಿದ್ದನು. ಆ ಶಿಸ್ತು ಇಲ್ಲದ ಕಡೆ ಜಾಣನೂ ದಡ್ಡನೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕಾಗುವುದು ಅನಿವಾರ್ಯ.

ಯಾದಗಿರಿ ತಾಲೂಕಿನ ಮುದನಾಳದಂತಹ ಗ್ರಾಮದ ಒಬ್ಬ ವಿದ್ಯಾರ್ಥಿನಿಯ ದೃಷ್ಟಿಯಿಂದಲೂ ಇದನ್ನು ಯೋಚಿಸಬೇಕು. ಪಿ.ಯು.ಸಿ. ಮುಗಿಸಿದ ಆಕೆ ಮುಂದೆ ಓದಬೇಕಾದರೆ ವರ್ಗಾವಣೆ ಪತ್ರ ಬೇಕು, ಅಂಕಪಟ್ಟಿ ಬೇಕು, ವಿದ್ಯಾರ್ಥಿವೇತನಕ್ಕೆ ಶುಲ್ಕದ ರಸೀದಿ ಬೇಕು. ಸಂವಿಧಾನದ 371 (ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ದೊರೆತ ಮೀಸಲಾತಿಯನ್ನು ಪಡೆಯಲು ಅರ್ಹತಾ ಪ್ರಮಾಣಪತ್ರ ಬೇಕು. ಅದಕ್ಕೆ ಸಲ್ಲಿಸುವ ಕಾಗದಗಳಲ್ಲಿ ವ್ಯಾಸಂಗದ ದಾಖಲೆಗಳಿಗೆ ಇರುವ ಮಹತ್ವ ಎಲ್ಲರಿಗೂ ತಿಳಿದದ್ದೇ. ಬಸ್ಸು ಇಲ್ಲ. ಮನೆಯಲ್ಲಿರುವ ಒಂದೇ ಮೊಬೈಲ್ ಅಣ್ಣನ ಜೇಬಿನಲ್ಲಿ. ಹೇಗೋ ಕಾಲೇಜಿನವರೆಗೆ ಬಂದರೆ ಕಚೇರಿಗೆ ಬೀಗ. ಒಂದು ತಿಂಗಳು ತಡವಾದರೆ ಅರ್ಜಿಯ ದಿನಾಂಕ ಮೀರುತ್ತದೆ; ಒಂದು ವರ್ಷ ತಡವಾದರೆ ಮನೆಯಲ್ಲಿ ಮದುವೆಯ ಮಾತು ಏಳುತ್ತದೆ. ಮೊಬೈಲ್‌ನಲ್ಲಿ ಎಷ್ಟು ಸೊಗಸಾದ ಉಪನ್ಯಾಸ ಬಂದರೂ ಆಕೆಗೆ ಆ ಹೊತ್ತಿನಲ್ಲಿ ಬೇಕಾದದ್ದು ಮೊಹರು ಬಿದ್ದ ಒಂದು ಹಾಳೆ.

ಹಾಗೆಂದು ಪ್ರಾಣದ ಹಂಗು ತೊರೆದು ಗುಮಾಸ್ತನು ಕಿಟಕಿಯಲ್ಲಿ ಕುಳಿತಿರಬೇಕಿತ್ತೆಂದು ಹೇಳುವುದು ಕ್ರೌರ್ಯ. ಹದಿನೆಂಟು ತುಂಬಿದ ಎಲ್ಲರಿಗೂ ಲಸಿಕೆ ಮುಕ್ತವಾದದ್ದೇ 2021ರ ಮೇ 1ರಂದು. ಅದಕ್ಕೆ ಮೊದಲೇ ಎಷ್ಟೋ ಕಚೇರಿಗಳಲ್ಲಿ ಮೇಜಿನ ಮುಂದೆ ಹಗ್ಗ ಕಟ್ಟಿ, ಸರದಿಯ ಮೇಲೆ ಬಂದು ಕೆಲಸ ಮಾಡಿದವರಿದ್ದಾರೆ. ಅವರಿಗೆ ಸಂದ ಪ್ರತಿಫಲವನ್ನು ವಿಚಾರಿಸಿದರೆ ತಲೆ ತಗ್ಗಿಸಬೇಕಾಗುತ್ತದೆ. ಅನುದಾನರಹಿತ ಸಂಸ್ಥೆಗಳಲ್ಲಿ ಶುಲ್ಕ ಬಾರದಿದ್ದುದರಿಂದ ಸಂಬಳ ಅರ್ಧವಾಯಿತು. ಕೆಲವೆಡೆ ನಿಂತೇ ಹೋಯಿತು. ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಸರಕಾರವು ಒಮ್ಮೆ 5,000 ರೂಪಾಯಿಗಳ ನೆರವನ್ನಾದರೂ ಘೋಷಿಸಿತು. ಕಚೇರಿಯ ತಾತ್ಕಾಲಿಕ ನೌಕರನ ಪರವಾಗಿ ಗಟ್ಟಿಯಾಗಿ ಕೇಳುವವರು ಇರಲಿಲ್ಲ.

ಮಠಗಳ ಆಶ್ರಯದಲ್ಲಿ ನಡೆಯುವ ಸಂಸ್ಥೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಬಸವಣ್ಣನವರು ಬಿಜ್ಜಳನ ಆಳ್ವಿಕೆಯಲ್ಲಿ ಮೊದಲು ಲೆಕ್ಕ ಬರೆಯುವ ಕರಣಿಕರಾಗಿದ್ದು ಅನಂತರ ಭಂಡಾರದ ಹೊಣೆ ಹೊತ್ತರೆಂದು ಪರಂಪರೆ ಹೇಳುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲಿಂದ ಸಾರುವ ಸಂಸ್ಥೆಯು ಲೆಕ್ಕ ಬರೆಯುವವನನ್ನು ಹನ್ನೆರಡು ವರ್ಷ ತಾತ್ಕಾಲಿಕನಾಗಿಯೇ ಇಟ್ಟುಕೊಂಡರೆ ಆ ಸಾರುವಿಕೆಗೆ ಬೆಲೆಯೆಲ್ಲಿ?

ಎಲ್ಲವೂ ಈಗ ಗಣಕಯಂತ್ರದಲ್ಲಿ ಇದೆಯಲ್ಲ ಎಂಬ ಸಮಾಧಾನವೂ ಅಪೂರ್ಣ. ಪದವಿ ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷಾ ವ್ಯವಹಾರಗಳನ್ನು 2021ರಿಂದೀಚೆಗೆ ರಾಜ್ಯಮಟ್ಟದ ಏಕೀಕೃತ ಜಾಲಕ್ಕೆ ತರಲಾಗಿದೆ. ವಿದ್ಯಾರ್ಥಿವೇತನವೂ ಜಾಲದ ಮೂಲಕವೇ. ಇದರಿಂದ ಅನುಕೂಲವಾಗಿರುವುದು ನಿಜ. ಆದರೆ ಜಾಲಕ್ಕೆ ಮಾಹಿತಿ ಏರಿಸುವ ಕೈ ಒಂದೇ ಆಗಿದ್ದು, ಅದರ ಗುಪ್ತಪದ ಒಬ್ಬನ ನೆನಪಿನಲ್ಲಿಯೇ ಇದ್ದರೆ, ಆತನು ಹಾಸಿಗೆ ಹಿಡಿದ ದಿನ ಇಡೀ ಕಾಲೇಜು ಹಾಸಿಗೆ ಹಿಡಿದಂತೆಯೇ. ಹಿಂದೆ ಅಲಮಾರಿಯ ಕೀಲಿಕೈ ಒಬ್ಬನ ಸೊಂಟದಲ್ಲಿತ್ತು. ಈಗ ಗುಪ್ತಪದ ಒಬ್ಬನ ತಲೆಯಲ್ಲಿದೆ. ಬದಲಾದದ್ದು ಅಷ್ಟೇ.

ದಾನಿಗಳು ಕೊಠಡಿಗೆ ಹಣ ಕೊಡುತ್ತಾರೆ, ಗೋಡೆಯ ಮೇಲೆ ಅವರ ಹೆಸರಿನ ಕಲ್ಲು ಕೂಡುತ್ತದೆ. ಅದು ಸ್ತುತ್ಯವೇ. ಆದರೆ ಒಂದು ಕೊಠಡಿ ಕಟ್ಟಿಸುವ ಹಣವನ್ನು ಬ್ಯಾಂಕಿನಲ್ಲಿ ಇರಿಸಿದರೆ, ಅದರ ಬಡ್ಡಿಯಿಂದ ಕಚೇರಿಯ ಕೆಲಸ ಬಲ್ಲ ಎರಡನೆಯ ವ್ಯಕ್ತಿಯೊಬ್ಬನ ಸಂಬಳಕ್ಕೆ ಬಹುಪಾಲು ಆಸರೆಯಾದೀತು; ಶುಲ್ಕ ಬಾರದ ವರ್ಷದಲ್ಲಿಯೂ ಅದು ನಿಲ್ಲದು. ಅಂಕಗಳ ವಹಿ, ದಾಖಲಾತಿ ವಹಿಗಳ ಎರಡನೆಯ ಪ್ರತಿಯನ್ನು ಪ್ರತಿ ವರ್ಷ ಮಠದ ಭಂಡಾರದಲ್ಲಿ ಇರಿಸಲು ಖರ್ಚೇ ಇಲ್ಲ. ಒಂದೇ ಆಡಳಿತ ಮಂಡಳಿಗೆ ಶಹಾಪುರ, ಸುರಪುರಗಳ ಕಡೆಯೂ ಶಾಲೆಗಳಿದ್ದರೆ, ಸಂಚಾರ ನಿಂತ ಕಾಲದಲ್ಲಿ ವಾರಕ್ಕೊಂದು ದಿನ ಆ ಶಾಲೆಗಳಲ್ಲಿಯೇ ಅರ್ಜಿ ಪಡೆದು ಪ್ರಮಾಣಪತ್ರ ಹಂಚಬಹುದು. ಹಳೆಯ ವಿದ್ಯಾರ್ಥಿಗಳ ಸಂಘಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಈ ಮೂರನ್ನು ಸೇರಿಸಿ, ಗುಮಾಸ್ತನನ್ನೂ ಆ ಸಭೆಗೆ ಕರೆದು ಕೂರಿಸಿ ಕೇಳಬೇಕು.