ಮರುಗುವ ಮನಸ್ಸು ರೋಗವಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಭಕ್ತರ ಮನೆಗಳಲ್ಲಿ ಈಗ ಕಾಲೇಜು ಓದುವ ಮಕ್ಕಳಿದ್ದಾರೆ. ಅವರಲ್ಲೊಬ್ಬರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿ ಮುಗಿಸಿ, ಊಟ ಒಲ್ಲದೆ ಮೌನವಾಗಿ ಕುಳಿತರೆ ಹಿರಿಯರು ‘ಅದು ಬರೀ ಕಥೆ, ಮರೆತುಬಿಡು’ ಎನ್ನುವುದುಂಟು. ಆ ಮಾತಿನಿಂದ ಸಮಾಧಾನ ದೊರೆಯದು.

ಕಾದಂಬರಿಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆಯೆಂದು ಯಾರೂ ಅವನನ್ನು ಎತ್ತುವುದಿಲ್ಲ. ಓದುವ ಎಳೆಯ ಜೀವವೂ ಅದೇ ದಡದಲ್ಲಿ ನಿಂತಿರುತ್ತದೆ. ಕಂಡೂ ಕೈ ನೀಡಲಾಗದ ಅಸಹಾಯಕತೆಯೇ ಅದರ ಸಂಕಟ. ಪುಸ್ತಕ ಮುಚ್ಚಿ ತಲೆಯೆತ್ತಿದಾಗ, ಕೂಲಿಯವರಿಗೆಂದು ತನ್ನ ಮನೆಯ ಹಿತ್ತಲಿನಲ್ಲೇ ಬೇರೆ ಇರಿಸಿದ ಲೋಟ ಕಣ್ಣಿಗೆ ಬಿದ್ದರೆ ಆ ನೋವು ಇಮ್ಮಡಿಯಾಗುತ್ತದೆ. ಅದಕ್ಕೆ ಮರೆವು ಮದ್ದಾಗಲಾರದು.

ಈ ಮರುಕವನ್ನು ರೋಗವೆಂದು ಬಗೆಯಬಾರದು. ಮಾದಾರ ಚೆನ್ನಯ್ಯನವರನ್ನು ತಮ್ಮ ಹಿರಿಯರೆಂದು ಒಪ್ಪಿದ ಬಸವಣ್ಣನವರನ್ನು ನಿತ್ಯ ನೆನೆಯುವ ನಮಗೆ, ಅನ್ಯರ ನೋವಿಗೆ ನೋಯುವುದು ಸಂಸ್ಕಾರದ ಗುರುತಲ್ಲವೆ? ತಂದೆತಾಯಿಗಳು ಮಗುವಿನ ಬಳಿ ಕುಳಿತು ಕೇಳಲಿ. ಸಾಧ್ಯವಾದರೆ ತಾವೂ ಆ ಪುಸ್ತಕವನ್ನು ಓದಲಿ. ಹಿತ್ತಲಿನ ಲೋಟವನ್ನು ಒಳಗೆ ತರಲಿ. ತನ್ನ ಪ್ರಶ್ನೆಗೆ ಮನೆಯವರ ನಡೆಯಲ್ಲಿ ಉತ್ತರ ಕಂಡ ಮನಸ್ಸು ಹಗುರಾಗುತ್ತದೆ.

ಎರಡು ವಾರ ಕಳೆದರೂ ಊಟ, ನಿದ್ರೆ, ಓದು ಮೊದಲಿನಂತಾಗದಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದ ನಾವು ಮನಸ್ಸಿನ ನೋವಿಗೂ ನಾಚಬೇಕಾಗಿಲ್ಲ.