ಡ್ರ್ಯಾಗನ್ ಇರಲಿ, ತೂಬು ಎಲ್ಲಿ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ನಕ್ಷೆ ಬಿಡಿಸಿ ಪಾತ್ರ ವಹಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಹೊರತಂದಾಗ ಅದರ ಜೊತೆಗೇ ಒಂದು ಊರಿನ ಮಾದರಿಯೂ ಜಗತ್ತಿಗೆಲ್ಲ ಹಬ್ಬಿತು: ಕಲ್ಲಿನ ಬುರುಜು, ಬಿಯರ್ ಮಾರುವ ಪಬ್ಬು, ಆಚೆಗೆ ಪೈನ್ ಕಾಡು. ಬೆಂಗಳೂರಿನ ಆಟಗಾರರೂ ಅದನ್ನೇ ಬಿಡಿಸಬೇಕೆಂದು ಯಾವ ನಿಯಮಪುಸ್ತಕವೂ ಹೇಳುವುದಿಲ್ಲ. ಪುಟ್ಟೇನಹಳ್ಳಿಯನ್ನೇ ಹಾಳೆಗಿಳಿಸಬಹುದು.

ಶುರು ಮಾಡಬೇಕಾದದ್ದು ಕೋಟೆಯಿಂದಲ್ಲ, ಕೆರೆಯಿಂದ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಅದನ್ನು ಉಳಿಸಲು ನಿಂತರು. ಈಗ ಅಪಾರ್ಟ್‌ಮೆಂಟಿನ ಕಿಟಕಿಗೆ ಅದು ನೋಟ. ಹಿಂದೆ ಕೆರೆ ಎಂದರೆ ಊರಿನ ಲೆಕ್ಕಾಚಾರವೇ ಆಗಿತ್ತು. ಏರಿ ಎಲ್ಲಿ, ನೀರು ಬಿಡುವ ತೂಬು ಯಾವ ಕಡೆ, ಆ ನೀರುಣ್ಣುವ ಅಚ್ಚುಕಟ್ಟು ಎಷ್ಟು ದೂರ, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಎಂದು ಗುರುತು ಹಾಕುವ ಹೊತ್ತಿಗೆ ಜಗಳಗಳು ತಾವೇ ಹುಟ್ಟುತ್ತವೆ. ತೂಬು ಎತ್ತುವ ನೀರುಗಂಟಿ, ಲೆಕ್ಕ ಬರೆಯುವ ಶಾನುಭೋಗ, ರಾತ್ರಿ ಕಾವಲಿನ ತಳವಾರ: ಮಂತ್ರವಾದಿ, ಕಳ್ಳ, ಯೋಧ ಎಂಬ ಸಿದ್ಧ ಪಾತ್ರಗಳಿಗಿಂತ ಇವರ ಕೈಯಲ್ಲಿ ಕಥೆ ಹೆಚ್ಚಿದೆ.

ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಕೆರೆ, ರಾಜಕಾಲುವೆ, ಬಂಡಿದಾರಿ ಎಲ್ಲ ಅವುಗಳಲ್ಲಿ ಸಿಗುತ್ತವೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. (ಸೈಟು ಕೊಳ್ಳುವವರು ಭಯದಿಂದ ನೋಡುವುದನ್ನು ಆಟಗಾರರು ಖುಷಿಯಿಂದ ನೋಡಬಹುದು.)

ಇನ್ನು ಗುಪ್ತ ಗುಹೆ ಬೇಕೆಂದರೆ ಹುಳಿಮಾವಿನಲ್ಲಿ ರಾಮಲಿಂಗೇಶ್ವರನ ಗುಹಾಲಯವಿದೆ. ಯುದ್ಧ ಬೇಕೆಂದರೆ ಬೇಗೂರಿದೆ. ಅಲ್ಲಿನ ಸುಮಾರು ಕ್ರಿ.ಶ. 890ರ ಶಾಸನ 'ಬೆಂಗಳೂರು ಕಾಳಗ'ದಲ್ಲಿ ಮಡಿದವರನ್ನು ನೆನೆಯುತ್ತದೆ. ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಆನೆ, ಕುದುರೆಗಳ ಕಾದಾಟದ ಕೆತ್ತನೆ. ಜೊತೆಗೆ ನಾಗತ್ತರ ಎಂಬ ನಾಯಕ ಸತ್ತ ಮೇಲೆ ಇರುಗ ಎಂಬವನಿಗೆ ಬೆಂಪೂರು-12 ಎಂಬ ಹನ್ನೆರಡು ಹಳ್ಳಿಗಳ ಗುಂಪನ್ನು ಕೊಟ್ಟ ಒಕ್ಕಣೆ, ಹಳ್ಳಿಗಳ ಹೆಸರು ಸಮೇತ. ಸಾವು, ಉತ್ತರಾಧಿಕಾರ, ಹುಡುಕಿಕೊಂಡು ಹೋಗಬೇಕಾದ ಊರುಗಳ ಪಟ್ಟಿ ಒಂದೇ ಕಲ್ಲಿನಲ್ಲಿ! ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಸಿರುವುದರಿಂದ ಅಕ್ಷರಗಳನ್ನು ಮನೆಯಲ್ಲೇ ಕೂತು ನೋಡುವ ಅನುಕೂಲವೂ ಒದಗಿದೆ.

ಹೀಗೆ ನಿಜವಾದ ಊರನ್ನೇ ಆಟಕ್ಕಿಳಿಸುವುದನ್ನು ಝೆಕ್ ದೇಶದ ವಾರ್‌ಹಾರ್ಸ್ ಸ್ಟುಡಿಯೋಸ್ 2018ರಲ್ಲಿ ಮಾಡಿ ತೋರಿಸಿತು. 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಎಂಬ ಕಂಪ್ಯೂಟರ್ ಆಟದಲ್ಲಿ 1403ರ ಬೊಹೀಮಿಯಾ ಇದೆ, ಡ್ರ್ಯಾಗನ್ ಇಲ್ಲ. ಸಾಜಾವಾದ ಕ್ರೈಸ್ತ ಮಠವೂ ಅದರ ಆಸುಪಾಸಿನ ನಿಜವಾದ ಊರುಗಳೂ ಅದರಲ್ಲಿವೆ. ಹಾಗೆಂದು ಪ್ರತಿ ಕಲ್ಲೂ ಸರಿಯಿರಲೇಬೇಕೆಂಬ ಹಟ ಬೇಡ. 2014ರ 'ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ'ಯ ಕ್ರಾಂತಿಕಾಲದ ಪ್ಯಾರಿಸ್‌ನಲ್ಲಿ ನೋತ್ರ ದಾಮ್ ಚರ್ಚಿಗೆ 19ನೇ ಶತಮಾನದ ಗೋಪುರವಿದೆ. ಜನ ಗುರುತು ಹಿಡಿಯಲೆಂದೇ ಇಟ್ಟದ್ದು. ಅಂಥ ಸುಳ್ಳು ಕ್ಷಮ್ಯ.

ಕ್ಷಮ್ಯವಲ್ಲದ ಸುಳ್ಳು ಬೇರೆ. ನಮ್ಮ ಹಳೆಯ ಹಳ್ಳಿಯೊಂದನ್ನು ಬಿಡಿಸಿ ಅದರ ಕೇರಿಗಳನ್ನು ಅಳಿಸಿಬಿಟ್ಟರೆ, ಎಲ್ಲರೂ ಒಂದೇ ಬಾವಿಯಲ್ಲಿ ನೀರು ಸೇದುತ್ತಿದ್ದರು ಎಂದಾಗುತ್ತದೆ. ಬಾವಿಯ ಬಳಿ ಯಾರನ್ನು ತಡೆಯುತ್ತಿದ್ದರು ಎಂಬುದು ನಕ್ಷೆಯಲ್ಲಿ ಇರಬೇಕು. ಆ ತಡೆಯನ್ನು ಮುರಿಯುವ ಅವಕಾಶ ಆಟಗಾರರಿಗೂ ಇರಬೇಕು.

ಕೊನೆಗೆ ಅಳತೆಯ ಮಾತು. ಡಂಜನ್ಸ್‌ನಂಥ ಆಟಗಳ ನಕ್ಷೆಯನ್ನು ಷಟ್ಕೋನದ ಕೋಶಗಳಾಗಿ ವಿಂಗಡಿಸಿ, ಒಂದು ಕೋಶವನ್ನು ಆರು ಮೈಲಿ ಅಗಲ ಎಂದು ಹಿಡಿಯುವ ರೂಢಿ ಇದೆ. ಪುಟ್ಟೇನಹಳ್ಳಿಯಿಂದ ಬೇಗೂರು ನೇರಕ್ಕೆ ನಾಲ್ಕೈದು ಕಿಲೋಮೀಟರ್. ಅರಕೆರೆ, ಹುಳಿಮಾವು ನಡುವೆಯೇ ಸಿಗುತ್ತವೆ. ಆ ರೂಢಿ ಹಿಡಿದರೆ ನಾಲ್ಕು ಊರು, ಅವುಗಳ ಕೆರೆ, ಗುಹೆ, ವೀರಗಲ್ಲು ಎಲ್ಲ ಒಂದೇ ಕೋಶದಲ್ಲಿ ಮುಗಿದುಹೋಗುತ್ತವೆ. ಇಲ್ಲಿಗೆ ಅರ್ಧ ಮೈಲಿ ಸಾಕು.