ಪರದೆಗೆ ಕಾಣದ ಕೊನೆಯ ಬೆಂಚು

ಆನ್‌ಲೈನ್ ಶಿಕ್ಷಣವೋ ತರಗತಿ ಬೋಧನೆಯೋ ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತಂತ್ರಜ್ಞಾನದ ಪರ-ವಿರೋಧದ ವಾಗ್ವಾದವಾಗಿ ಮುಗಿದುಹೋಗುತ್ತದೆ. ಕಲಿಯುವವರು ಯಾರು, ಯಾವ ವಯಸ್ಸಿನವರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ನಡೆಸುವುದನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಶಿಕ್ಷಣದ ಮೂಲಭೂತ ಹಕ್ಕನ್ನು ಇಂಥ ಆದೇಶದಿಂದ ಮೊಟಕುಗೊಳಿಸಲಾಗದು ಎಂಬುದು ನ್ಯಾಯಾಲಯದ ನಿಲುವು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ. ಆದರೆ ವ್ಯವಹಾರದಲ್ಲಿ ಆ ಹಕ್ಕು ಚಲಾವಣೆಯಾದದ್ದು ಮೊಬೈಲ್ ಮತ್ತು ಅಂತರ್ಜಾಲ ಇದ್ದ ಮನೆಗಳಲ್ಲಿ ಮಾತ್ರ.

ಉಳಿದವರಿಗಾಗಿ ಅದೇ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಗುಡಿಯ ಜಗಲಿ, ಮರದ ನೆರಳು, ಸಮುದಾಯ ಭವನ, ಸಿಕ್ಕಲ್ಲೆಲ್ಲ ಸರ್ಕಾರಿ ಶಾಲೆಯ ಶಿಕ್ಷಕರು ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದೂ ಸ್ಥಗಿತಗೊಂಡಿತು. ಒಂದರಿಂದ ಐದನೇ ತರಗತಿಯವರಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಸುಮಾರು 19 ತಿಂಗಳ ನಂತರ.

ಇದರ ಬೆಲೆಯನ್ನು 'ಅಸರ್' ಸಮೀಕ್ಷೆ ಲೆಕ್ಕ ಹಾಕಿದೆ. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ 19ರಷ್ಟಿದ್ದರು. 2022ರಲ್ಲಿ ಆ ಪ್ರಮಾಣ ಶೇ 9ಕ್ಕಿಂತ ಕೆಳಗಿಳಿದಿತ್ತು. ತರಗತಿಯ ಪರ ವಾದಿಸುವವರು ಎರಡನೆಯ ಅಂಕಿಯನ್ನಷ್ಟೇ ಉಲ್ಲೇಖಿಸುತ್ತಾರೆ. ಮೊದಲನೆಯದೇನು ಹೆಮ್ಮೆಪಡುವಂಥದ್ದೇ? ಶಾಲೆ ತೆರೆದಿದ್ದಾಗಲೂ ಐವರಲ್ಲಿ ನಾಲ್ವರು ಓದಲಾರದೆ ಕುಳಿತಿದ್ದರು.

ಹಾಗೆಂದು ಪರದೆಯೇ ಪರಿಹಾರವೆನ್ನಲು ಇತಿಹಾಸ ಬಿಡುವುದಿಲ್ಲ. 1975-76ರ 'ಸೈಟ್' ಪ್ರಯೋಗದಲ್ಲಿ ಉಪಗ್ರಹದ ಮೂಲಕ 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿತು, ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಉಡಾವಣೆಗೊಂಡ 'ಎಜುಸ್ಯಾಟ್' ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಹೊತ್ತು ತಂದಿತು. ಪಾಠ ತಲುಪುವುದು ಬೇರೆ, ಪಾಠ ಹತ್ತುವುದು ಬೇರೆ. ಅಕ್ಷರ ಕೂಡಿಸುವಾಗ ತಡವರಿಸುವ ಮಗುವಿನ ಮುಖ ನೋಡಿ, ತಪ್ಪು ಎಲ್ಲಾಯಿತೆಂದು ಊಹಿಸಿ, ಮತ್ತೊಂದು ಬಗೆಯಲ್ಲಿ ಹೇಳಿಕೊಡುವುದು ಏಕಮುಖ ಪ್ರಸಾರಕ್ಕೆ ಅಸಾಧ್ಯ. ನಲವತ್ತು ಪುಟ್ಟ ಚೌಕಗಳಿರುವ ವಿಡಿಯೊ ತರಗತಿಗೂ ಅದು ಬಹುಮಟ್ಟಿಗೆ ಅಸಾಧ್ಯವೇ.

ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯಬಹುದೆಂಬುದು ಆ್ಯಪ್‌ಗಳ ದೊಡ್ಡ ಜಾಹೀರಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ 'ನಲಿ-ಕಲಿ'ಯ ಮೂಲ ತತ್ವವೂ ಅದೇ ಆಗಿತ್ತು. ಬಳಸಿದ್ದು ರಟ್ಟಿನ ಕಾರ್ಡುಗಳನ್ನು, ಕಲಿಕೆಯ ಏಣಿಯನ್ನು, ಜೊತೆಗಿದ್ದದ್ದು ಶಿಕ್ಷಕರು. ವಿದ್ಯುತ್ ಹೋದರೂ ಕಲಿಕೆ ನಿಲ್ಲುತ್ತಿರಲಿಲ್ಲ!

ಕಲಿಯುವುದು ಹೇಗೆಂದು ಆಗಲೇ ಅರಿತವರ ವಿಷಯ ಬೇರೆ. ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಐಐಟಿ ಪ್ರಾಧ್ಯಾಪಕರ ಉಪನ್ಯಾಸವನ್ನು 'ಎನ್‌ಪಿಟೆಲ್'ನಲ್ಲಿ ಉಚಿತವಾಗಿ ಕೇಳುವುದು ಸಣ್ಣ ಲಾಭವಲ್ಲ. 2021ರಲ್ಲಿ ಯುಜಿಸಿ, ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು 'ಸ್ವಯಂ' ವೇದಿಕೆಯ ಮೂಲಕ ಪೂರೈಸಲು ಅವಕಾಶ ಕಲ್ಪಿಸಿತು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಈ ಅವಕಾಶ ವಿದ್ಯಾರ್ಥಿಯ ಆಯ್ಕೆಯಾಗಿ ಉಳಿಯುವುದೋ, ಕಾಯಂ ಹುದ್ದೆ ತುಂಬದಿರಲು ನೆಪವಾಗುವುದೋ ಎಂಬುದನ್ನು ಉನ್ನತ ಶಿಕ್ಷಣ ಇಲಾಖೆ ಸ್ಪಷ್ಟಪಡಿಸಬೇಕು.